ಎಕ್ಸ್‌ಟ್ರಾ ಲೈಟು ಕೊಳ್ಳುವ ಮೊದಲು ಗಾಡಿಯನ್ನು ಗೋಡೆ ಮುಂದೆ ನಿಲ್ಲಿಸಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಭಾಲ್ಕಿ ಹತ್ತಿರ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಶನಿವಾರ ರಾತ್ರಿ ಹುಮನಾಬಾದ್ ಮೇಲೆ ಊರಿಗೆ ಬರುತ್ತೇನೆ, ಸೋಮವಾರ ನಸುಕಿನಲ್ಲಿ ವಾಪಸ್ ಹೊರಡುತ್ತೇನೆ. ಹತ್ತು ವರ್ಷದ ಹಳೇ ಕಾರು, ಹ್ಯಾಲೋಜನ್ ಹೆಡ್‌ಲೈಟು. ನನಗೆ ಈಗ 54 ವರ್ಷ. ಇತ್ತೀಚೆಗೆ ರಾತ್ರಿ ರಸ್ತೆ ಸರಿಯಾಗಿ ಕಾಣುತ್ತಿಲ್ಲ, ಎದುರಿನ ಲೈಟು ತುಂಬಾ ಕುಕ್ಕುತ್ತದೆ. ಅಂಗಡಿಯಲ್ಲಿ ಫಾಗ್ ಲೈಟು, ಡ್ರೈವಿಂಗ್ ಲೈಟು, ಎಲ್‌ಇಡಿ ಬಾರ್, ಕ್ಯೂಬ್ ಅಂತ ಏನೇನೋ ತೋರಿಸಿದರು. ಇವುಗಳಲ್ಲಿ ಯಾವುದು ಹಾಕಿಸಲಿ? ಹಳದಿ ಒಳ್ಳೆಯದೋ ಬಿಳಿಯೋ? ಪೊಲೀಸರು ಹಿಡಿಯುತ್ತಾರಾ? ನಮ್ಮ ಅಣ್ಣನ ಟ್ರ್ಯಾಕ್ಟರಿಗೂ ಹಿಂದೆ ಲೈಟು ಹಾಕಿಸಬೇಕು ಅಂತಿದ್ದಾನೆ. ಅದನ್ನೂ ಹೇಳಿ.

ಉತ್ತರ: ನಮಸ್ಕಾರ. ನೀವು ಕೇಳಿದ್ದರಲ್ಲಿ ಎರಡು ಪ್ರಯಾಣಗಳಿವೆ. ಮೊದಲು ಅವನ್ನು ಬೇರೆ ಮಾಡಿಕೊಳ್ಳೋಣ. ಶನಿವಾರ ರಾತ್ರಿ ನಿಮಗೆ ದೂರದ್ದು ಕಾಣಬೇಕು. ಕತ್ತಲು, ಎದುರಿಗೆ ಲಾರಿಗಳ ಸಾಲು, ಹಿಂದೆ ಒಂದು ದೀಪವೂ ಇಲ್ಲದ ಕಬ್ಬಿನ ಟ್ರಾಲಿ, ಕಪ್ಪು ಡಾಂಬರಿನ ಮೇಲೆ ಕಪ್ಪು ಎಮ್ಮೆ. ಸೋಮವಾರ ನಸುಕಿನಲ್ಲಿ, ಅದರಲ್ಲೂ ಡಿಸೆಂಬರ್-ಜನವರಿಯಲ್ಲಿ, ಕಾರಂಜಾ ಹಿನ್ನೀರಿನ ಕಡೆ ಮಂಜು ಎದ್ದಿರುತ್ತದೆ. ಆಗ ದೂರದ್ದು ಹೇಗೂ ಕಾಣುವುದಿಲ್ಲ. ಹತ್ತಿರದ ರಸ್ತೆ, ಎಡಗಡೆಯ ಅಂಚು ಕಂಡರೆ ಸಾಕು. ಈ ಎರಡಕ್ಕೂ ಸಲ್ಲುವ ಒಂದೇ ಲೈಟು ಇಲ್ಲ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ತೊಂದರೆ ಕೊಡುತ್ತದೆ.

ಅಂಗಡಿಯಲ್ಲಿ ಎಲ್ಲ ಲೈಟುಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಇಷ್ಟು ವ್ಯಾಟ್, ಇಷ್ಟು ಲ್ಯೂಮೆನ್ ಅಂತ ಹೇಳಿ ಮಾರುತ್ತಾರೆ. ಬೆಳಕು ಎಷ್ಟಿದೆ ಅಂತ ಅದರಿಂದ ಗೊತ್ತಾಗುತ್ತದೆ. ಎಲ್ಲಿ ಬೀಳುತ್ತದೆ ಅಂತ ಗೊತ್ತಾಗುವುದಿಲ್ಲ. ಗಾಡಿಯ ಲೈಟಿನಲ್ಲಿ ಮುಖ್ಯವಾದ ಪ್ರಶ್ನೆ ಎಲ್ಲಿ ಬೀಳುತ್ತದೆ ಅನ್ನುವುದೇ.

ನಾನು ಕಲಬುರಗಿಯಲ್ಲಿ 26 ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಕಾಣುವುದಿಲ್ಲ ಅಂತ ಬಂದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹೊಸ ಲೈಟು ಬೇಕಾಗಿರಲಿಲ್ಲ. ಇದ್ದ ಲೈಟೇ ಸರಿ ಇರಲಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಸಣ್ಣ ಲೆಕ್ಕ ನೋಡಿ. ನೀವು ಲೆಕ್ಕ ಬರೆಯುವವರು, ನಿಮಗೆ ಇದು ಸುಲಭ. ಕಾರಿನ ಹೆಡ್‌ಲೈಟು ನೆಲದಿಂದ ಸುಮಾರು 70 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಲೋ ಬೀಮ್, ಅಂದರೆ ನಮ್ಮ ಡ್ರೈವರುಗಳು ಡಿಪ್ಪರ್ ಅನ್ನುವುದು, ಪ್ರತಿ ಮೀಟರಿಗೆ ಸುಮಾರು 1 ಸೆಂಟಿಮೀಟರ್ ಕೆಳಗೆ ಇಳಿಯುವಂತೆ ಹೊಂದಿಸಿರುತ್ತಾರೆ. ಅಂದರೆ 70 ಮೀಟರಿನಲ್ಲಿ ಬೆಳಕಿನ ಮೇಲಂಚು ರಸ್ತೆಗೆ ತಾಗುತ್ತದೆ. ಅದರಾಚೆ ರಸ್ತೆಯ ಮೇಲೆ ಬೆಳಕು ಕಡಿಮೆ. ಈಗ ಗಾಡಿ ನಿಲ್ಲಲು ಎಷ್ಟು ಜಾಗ ಬೇಕು ನೋಡಿ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಎಮ್ಮೆ ಕಂಡು ಬ್ರೇಕಿನ ಮೇಲೆ ಕಾಲು ಬೀಳಲು ಒಂದೂವರೆ ಸೆಕೆಂಡು ಹಿಡಿದರೆ 33 ಮೀಟರ್ ಆಯಿತು. ಒಣ ರಸ್ತೆ, ಒಳ್ಳೆಯ ಟೈರು ಇದ್ದರೂ ನಿಲ್ಲಲು ಇನ್ನೂ 36 ಮೀಟರ್ ಹತ್ತಿರ ಬೇಕು. ಒಟ್ಟು 69. ಲೋ ಬೀಮಿನ 70 ಮೀಟರ್ ಅಲ್ಲಿಗೆ ಮುಗಿಯಿತು. ಗಂಟೆಗೆ 100ರಲ್ಲಿ ಇದೇ ಲೆಕ್ಕ ಹಾಕಿದರೆ 98 ಮೀಟರ್ ಬರುತ್ತದೆ, ಅಂದರೆ ಕಾಣದ ಜಾಗಕ್ಕೆ ಗಾಡಿ ನುಗ್ಗಿಸಿದ ಹಾಗೆ. 60ರಲ್ಲಿ 45 ಮೀಟರ್. ಲಾರಿಗಳ ಸಾಲಿನ ಎದುರು ಲೋ ಬೀಮಿನಲ್ಲೇ ಹೋಗಬೇಕಾದಾಗ 60ರ ಮೇಲೆ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಈ ಲೆಕ್ಕ ನೋಡಿಯೇ.

ಇದೂ ಲೈಟು ಸರಿಯಾಗಿದ್ದರೆ ಸಿಗುವ ಲೆಕ್ಕ. ಹತ್ತು ವರ್ಷದ ಕಾರಿನಲ್ಲಿ ಮೂರು ಕಡೆ ಬೆಳಕು ಸೋರಿ ಹೋಗುತ್ತಿರುತ್ತದೆ.

ಮೊದಲನೆಯದು ಹೆಡ್‌ಲೈಟಿನ ಮುಂದಿನ ಕವರು. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲೆ ಬಿಸಿಲು ತಡೆಯುವ ತೆಳ್ಳನೆ ಲೇಪ ಇರುತ್ತದೆ. ನಮ್ಮ ಕಲಬುರಗಿಯ ಬಿಸಿಲು ಗೊತ್ತಲ್ಲ, ಆ ಲೇಪ ಕೆಲವೇ ವರ್ಷಗಳಲ್ಲಿ ಹೋಗಿ ಕವರು ಹಳದಿಯಾಗಿ ಮಬ್ಬಾಗುತ್ತದೆ. ಬೆಳಕು ಹೊರಗೆ ಬರುವುದು ಕಡಿಮೆಯಾಗುತ್ತದೆ, ಬಂದದ್ದೂ ಚೆಲ್ಲಾಪಿಲ್ಲಿಯಾಗಿ ಎದುರಿನವನ ಕಣ್ಣಿಗೆ ಹೋಗುತ್ತದೆ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಎರಡು ತಿಂಗಳು ಚೆನ್ನಾಗಿ ಕಾಣುತ್ತದೆ, ಅಷ್ಟೇ. 800, 1500, 2000 ನಂಬರಿನ ನೀರು ಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಕ್ರಮವಾಗಿ ಉಜ್ಜಿಸಿ, ಪಾಲಿಶ್ ಮಾಡಿಸಿ, ಮೇಲೆ ಯುವಿ ತಡೆಯುವ ಲೇಪ ಹಾಕಿಸಿ. ಲೇಪ ಹಾಕಿಸದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಪಾಡು.

ಎರಡನೆಯದು ಕರೆಂಟು. ಇದನ್ನು ಯಾರೂ ನೋಡುವುದಿಲ್ಲ, ನನಗೆ ಬೇಜಾರಾಗುವುದು ಇದಕ್ಕೇ. ಹಳೇ ಗಾಡಿಯಲ್ಲಿ ಎಂಜಿನ್ ಚಾಲೂ ಇಟ್ಟು, ಲೈಟು ಹಾಕಿ, ಬ್ಯಾಟರಿ ಮೇಲೆ ಮಲ್ಟಿಮೀಟರ್ ಹಿಡಿದರೆ 13.8 ವೋಲ್ಟ್ ತೋರಿಸುತ್ತದೆ. ಅದೇ ಬಲ್ಬಿನ ಹೋಲ್ಡರಿನಲ್ಲಿ ಹಿಡಿದರೆ 12.3 ಇರುತ್ತದೆ. ನಡುವಿನ ಒಂದೂವರೆ ವೋಲ್ಟ್ ಸಣ್ಣ ತಂತಿಯಲ್ಲಿ, ಸವೆದ ಸ್ವಿಚ್ಚಿನಲ್ಲಿ, ತುಕ್ಕು ಹಿಡಿದ ಅರ್ಥಿನಲ್ಲಿ (ಗಾಡಿಯ ಬಾಡಿಗೆ ಬಿಗಿಸುವ ತಂತಿ) ಕಳೆದುಹೋಗಿರುತ್ತದೆ. ಒಂದೂವರೆ ವೋಲ್ಟ್ ತಾನೇ ಅನ್ನಿಸಬಹುದು. ಹ್ಯಾಲೋಜನ್ ಬಲ್ಬಿನ ಗುಣವೇ ಬೇರೆ. ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. ಮೂರರಲ್ಲಿ ಒಂದು ಪಾಲು ಬೆಳಕು ತಂತಿಯಲ್ಲೇ ಹೋಯಿತು ಅಂದ ಹಾಗೆ. ಹೆಡ್‌ಲೈಟಿಗೆ ಬ್ಯಾಟರಿಯಿಂದ ನೇರ ದಪ್ಪ ತಂತಿ ಎಳೆದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಚಿಕ್ಕ ಡಬ್ಬಿ) ಹಾಕಿಸಿ, ಅರ್ಥ್ ಬಿಚ್ಚಿ ಉಜ್ಜಿ ಮತ್ತೆ ಬಿಗಿಸಿದರೆ ಅದೇ ಬಲ್ಬು ಹೊಸದರಂತೆ ಉರಿಯುತ್ತದೆ.

ಇಲ್ಲಿ ಒಂದು ತಪ್ಪು ಜಾಸ್ತಿ ನಡೆಯುತ್ತದೆ. ಬೆಳಕು ಸಾಲದು ಅಂತ 60/55 ವ್ಯಾಟಿನ (ಅಪ್ಪರಿಗೆ 60, ಡಿಪ್ಪರಿಗೆ 55) ಎಚ್4 ಬಲ್ಬು ತೆಗೆದು 100/90 ಹಾಕುತ್ತಾರೆ. ಅಪ್ಪರ್ ಹಾಕಿದಾಗ ಎರಡು ಬಲ್ಬಿಗೆ 200 ವ್ಯಾಟ್, ಅಂದರೆ 16 ಆಂಪಿಯರಿಗೂ ಮೇಲೆ. ಆ ಕರೆಂಟಿಗಾಗಿ ಮಾಡಿದ ತಂತಿಯಲ್ಲ ಅದು. ಸ್ಟೇರಿಂಗ್ ಪಕ್ಕದ ಸ್ವಿಚ್ಚು ಕರಗಿ, ಡ್ಯಾಶ್‌ಬೋರ್ಡ್ ಒಳಗೆ ಹೊಗೆ ಬಂದ ಗಾಡಿಗಳನ್ನು ನಾನೇ ಬಿಚ್ಚಿದ್ದೇನೆ. ಒಮ್ಮೆ ಒಬ್ಬರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಗಾಣಗಾಪುರಕ್ಕೆ ಹೋಗುವ ದಾರಿಯಲ್ಲಿ ಹಾಗಾಯಿತು. ಗಾಡಿಗೆ ಬೆಂಕಿ ಹತ್ತಲಿಲ್ಲ, ಆದರೆ ರಾತ್ರಿ ಹೊತ್ತು ನಡುರಸ್ತೆಯಲ್ಲಿ ಎಲ್ಲ ಲೈಟೂ ಒಮ್ಮೆಲೇ ಹೋದವು. ದಯವಿಟ್ಟು ಆ ಬಲ್ಬು ಬೇಡ.

ಹ್ಯಾಲೋಜನ್ ಹೋಲ್ಡರಿಗೆ ಎಲ್‌ಇಡಿ ಬಲ್ಬು ಸಿಕ್ಕಿಸುವುದೂ ಬೇಡ. ಹೆಡ್‌ಲೈಟಿನ ಒಳಗಿನ ಹೊಳಪಿನ ಬಟ್ಟಲನ್ನು ಹ್ಯಾಲೋಜನ್ ತಂತಿ ಎಲ್ಲಿ ಉರಿಯುತ್ತದೋ ಆ ಜಾಗವನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ಕೆಲವೇ ಮಿಲಿಮೀಟರಿನ ಆಟ ಅದು. ಎಲ್‌ಇಡಿ ಚಿಪ್ಪಿನ ಆಕಾರವೇ ಬೇರೆ, ಕೂರುವ ಜಾಗವೂ ಸ್ವಲ್ಪ ಬೇರೆ. ಗಾಡಿ ಮುಂದೆ ಬೆಳ್ಳಗೆ ಫಳಫಳ ಅನ್ನುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ. ಆದರೆ ಬೆಳಕು ಮೇಲಕ್ಕೂ ಪಕ್ಕಕ್ಕೂ ಚೆಲ್ಲಿ ಎದುರಿನವನಿಗೆ ರಸ್ತೆಯೇ ಕಾಣದಂತೆ ಮಾಡುತ್ತದೆ. ಶನಿವಾರ ರಾತ್ರಿ ನಿಮ್ಮ ಕಣ್ಣು ಕುಕ್ಕುವ ಗಾಡಿಗಳಲ್ಲಿ ಅರ್ಧಕ್ಕರ್ಧ ಇಂಥವೇ ಇರಬೇಕು.

ಮೂರನೆಯದು ಹೊಂದಾಣಿಕೆ, ಇದನ್ನು ನೀವೇ ನೋಡಬಹುದು. ಸಮತಟ್ಟಾದ ನೆಲ, ಮುಂದೆ ಒಂದು ಗೋಡೆ ಬೇಕು. ನಿಮ್ಮ ಮಿಲ್ಲಿನ ಗೋದಾಮಿನ ಗೋಡೆ ಸಾಕು. ಟೈರಿಗೆ ಸರಿಯಾಗಿ ಗಾಳಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಗೋಡೆಗೆ ಹತ್ತಿರ ತಂದು ಹೆಡ್‌ಲೈಟಿನ ನಡುಮಧ್ಯ ಎಲ್ಲಿ ಬರುತ್ತದೋ ಅಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ. ಆಮೇಲೆ ಗಾಡಿಯನ್ನು ನೇರವಾಗಿ 10 ಮೀಟರ್ ಹಿಂದೆ ತನ್ನಿ. ಲೋ ಬೀಮ್ ಹಾಕಿ. ಗೋಡೆಯ ಮೇಲೆ ಬೆಳಕು ಮುಗಿದು ಕತ್ತಲು ಶುರುವಾಗುವ ಒಂದು ಗೆರೆ ಕಾಣುತ್ತದೆ. ಆ ಗೆರೆ ನಿಮ್ಮ ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಗೆರೆಯ ಎಡಭಾಗ ಸ್ವಲ್ಪ ಮೇಲೆ ಏರಿರಬೇಕು. ನಾವು ಎಡಗಡೆ ಗಾಡಿ ಓಡಿಸುವವರು. ಎಡಬದಿಯ ಜನ, ಸೈಕಲ್ಲು, ದನ ಕಾಣಲಿ ಅಂತ ಆ ಏರಿಕೆ. ಬಲಗಡೆ ಏರಿದ್ದರೆ ಅದು ಬೇರೆ ದೇಶಕ್ಕೆ ಮಾಡಿದ ಲೈಟು, ಎದುರಿನವನ ಕಣ್ಣಿಗೇ ಗುರಿ ಇಟ್ಟ ಹಾಗೆ. ಗೆರೆ ಮೇಲೆ ಕೆಳಗೆ ಇದ್ದರೆ ಹೆಡ್‌ಲೈಟಿನ ಹಿಂದೆ ತಿರುಪು ಇದೆ, ತಿರುಗಿಸಿ ಸರಿ ಮಾಡಬಹುದು. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಬರೆದ ಚಿಕ್ಕ ಗಾಲಿ ಇದ್ದರೆ ಇದೆಲ್ಲ ಮಾಡುವಾಗ ಅದು 0ಯಲ್ಲಿರಲಿ. ಡಿಕ್ಕಿಯಲ್ಲಿ ತೊಗರಿ ಚೀಲ ಹೇರಿದಾಗ ಗಾಡಿಯ ಮೂತಿ ಮೇಲೇಳುತ್ತದೆ, ಆಗ ಅದನ್ನು 2 ಅಥವಾ 3ಕ್ಕೆ ತಿರುಗಿಸಬೇಕು. ಆ ಗಾಲಿ ಯಾಕಿದೆ ಅಂತಲೇ ಗೊತ್ತಿಲ್ಲದೆ ಹತ್ತು ವರ್ಷ ಗಾಡಿ ಓಡಿಸಿದವರನ್ನು ನೋಡಿದ್ದೇನೆ.

ಎದುರಿನ ಲೈಟು ಕುಕ್ಕುವುದರ ಬಗ್ಗೆ ಒಂದು ಮಾತು. ಅದಕ್ಕೆ ನಿಮ್ಮ ಗಾಡಿಗೆ ಎಷ್ಟು ಲೈಟು ಹಾಕಿದರೂ ಪರಿಹಾರ ಇಲ್ಲ. ಮುಂದಿನ ಗಾಜನ್ನು ಒಳಗಡೆಯಿಂದ ಒರೆಸಿ ನೋಡಿ, ಬಟ್ಟೆ ಕಪ್ಪಾಗುತ್ತದೆ. ಆ ತೆಳ್ಳನೆ ಜಿಡ್ಡು ಹಗಲು ಕಾಣುವುದಿಲ್ಲ, ರಾತ್ರಿ ಎದುರಿನ ಒಂದು ಲೈಟನ್ನು ಗಾಜಿನ ತುಂಬ ಹರಡುತ್ತದೆ. ವೈಪರ್ ಗೀರು ಬಿದ್ದಿದ್ದರೂ ಹಾಗೇ. ಎದುರಿಗೆ ಲೈಟು ಬಂದಾಗ ಅದನ್ನು ನೋಡಬೇಡಿ, ರಸ್ತೆಯ ಎಡಗಡೆಯ ಬಿಳಿ ಗೆರೆಯ ಮೇಲೆ ಕಣ್ಣಿಡಿ. ಇನ್ನೊಂದು ವಿಷಯ, ನಿಮಗೆ 54. ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣಿನ ಪೊರೆ ಶುರುವಾದಾಗ ರಾತ್ರಿ ಲೈಟು ಕುಕ್ಕುವುದು ಮೊದಮೊದಲ ಲಕ್ಷಣಗಳಲ್ಲಿ ಒಂದು. ಲೈಟಿಗೆ ದುಡ್ಡು ಹಾಕುವ ಮೊದಲು ಇದಾಗಲಿ.

ಈಗ ಅಂಗಡಿಯ ಮೇಜಿಗೆ ಬರೋಣ.

ಡ್ರೈವಿಂಗ್ ಲೈಟು ಅನ್ನುವ ಹೆಸರು ಕೇಳಿ ಸದಾ ಹಾಕಿಕೊಂಡು ಓಡಿಸುವ ಲೈಟು ಅಂದುಕೊಳ್ಳುತ್ತಾರೆ. ಹಾಗಲ್ಲ. ಇದು ಹೈ ಬೀಮಿಗೆ, ಅಂದರೆ ಅಪ್ಪರಿಗೆ, ಜೊತೆ ಕೊಡುವ ಲೈಟು. ಇದರ ಬೆಳಕಿಗೆ ಮೇಲಂಚಿನ ಗೆರೆ ಇರುವುದಿಲ್ಲ. ನೇರ, ದೂರ ಹೋಗುತ್ತದೆ. ಇದರಲ್ಲೇ ತುಂಬಾ ಇಕ್ಕಟ್ಟಾದ ಬೆಳಕಿನದು ಸ್ಪಾಟ್, ಸ್ವಲ್ಪ ಅಗಲವಾದದ್ದೂ ಸಿಗುತ್ತದೆ. ಖಾಲಿ ರಸ್ತೆಯಲ್ಲಿ ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಚಿಂಚೋಳಿ ಕಾಡಿನ ಕಡೆ, ಸುರಪುರದಾಚೆಯ ರಸ್ತೆಗಳಲ್ಲಿ ರಾತ್ರಿ ಓಡಾಡುವವರಿಗೆ ನಾನೇ ಇದನ್ನು ಹೇಳುತ್ತೇನೆ. ಆದರೆ ಎದುರಿಗೆ ಗಾಡಿ ಕಂಡ ಕ್ಷಣ ಹೈ ಬೀಮ್ ಆರಿಸಬೇಕಲ್ಲ, ಅದರ ಜೊತೆ ಇದೂ ಆರಲೇಬೇಕು. ಹಾಗಾಗಿ ಇದರ ರಿಲೇಗೆ ಸಿಗ್ನಲ್ಲನ್ನು ಹೈ ಬೀಮಿನ ತಂತಿಯಿಂದಲೇ ತೆಗೆದುಕೊಳ್ಳಬೇಕು. ಬೇರೆ ಸ್ವಿಚ್ಚಿನಿಂದ ನೇರ ಹಾಕಿಸಿದರೆ ಆರಿಸುವುದು ಮರೆತುಹೋಗುತ್ತದೆ. ಎದುರಿನ ಲಾರಿಯವನು ಕುರುಡನಾದರೆ ಅವನು ಬಂದು ಗುದ್ದುವುದು ನಿಮ್ಮನ್ನೇ. ನಿಮ್ಮ ವಿಷಯದಲ್ಲಿ ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್‌ವರೆಗೆ ಲಾರಿಗಳು ಒಂದರ ಹಿಂದೆ ಒಂದು. ಹೈ ಬೀಮ್ ಹಾಕಲು ಸಮಯವೇ ಸಿಗುವುದಿಲ್ಲ. ಹುಮನಾಬಾದ್ ದಾಟಿದ ಮೇಲೆ ಸ್ವಲ್ಪ ಸಿಗಬಹುದು. ಅಷ್ಟಕ್ಕೆ ಇದು ಬೇಕಾ ಅಂತ ನೀವೇ ಯೋಚಿಸಿ. ನನ್ನ ಪ್ರಕಾರ ಬೇಡ.

ಫಾಗ್ ಲೈಟು ಇದಕ್ಕೆ ಪೂರ್ತಿ ಉಲ್ಟಾ. ಬಂಪರಿನ ಕೆಳಗೆ ಕೂರುತ್ತದೆ. ಬೆಳಕು ಅಗಲವಾಗಿ, ಚಪ್ಪಟೆಯಾಗಿ ಹರಡುತ್ತದೆ. ಮೇಲಂಚು ಚಾಕುವಿನಿಂದ ಕೊಯ್ದ ಹಾಗಿರಬೇಕು. ಯಾಕೆ? ಮಂಜು ಅಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ನಿಮ್ಮ ಕಣ್ಣಿನ ಎದುರಿಗಿರುವ ಹನಿಗಳಿಗೆ ಬೆಳಕು ಬಿದ್ದರೆ ಅದು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ, ಮುಂದೆ ಬಿಳಿ ಪರದೆ ಕಟ್ಟಿದ ಹಾಗಾಗುತ್ತದೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಆಗುವುದು ಅದೇ. ಫಾಗ್ ಲೈಟಿನ ಬೆಳಕು ಕೆಳಗಿಂದ ಹೊರಟು ಕೆಳಗೇ ಹೋಗುತ್ತದೆ. ನಿಮ್ಮ ಕಣ್ಣಿನ ದಾರಿಯಲ್ಲಿರುವ ಹನಿಗಳನ್ನು ಮುಟ್ಟುವುದಿಲ್ಲ. 40 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸಿ, ಮೀಟರಿಗೆ 2 ಸೆಂಟಿಮೀಟರ್ ಇಳಿಯುವಂತೆ ಹೊಂದಿಸಿದರೆ 20 ಮೀಟರಿನಲ್ಲಿ ನೆಲ ತಾಗುತ್ತದೆ. ಇಪ್ಪತ್ತೇ ಮೀಟರಾ ಅಂತ ಕೇಳಬೇಡಿ. ದಟ್ಟ ಮಂಜಿನಲ್ಲಿ ನೀವು ಹೋಗಬೇಕಾದ ವೇಗಕ್ಕೆ ಅಷ್ಟು ಸಾಕು, ಗಂಟೆಗೆ 30ರಲ್ಲಿ ಒಂದೂವರೆ ಸೆಕೆಂಡಿಗೆ 12 ಮೀಟರ್, ಬ್ರೇಕಿಗೆ 5 ಮೀಟರ್ ಆಗುತ್ತದೆ. ರಾಶಿ ಕಾಲದಲ್ಲಿ ರಸ್ತೆ ಮೇಲೆ ತೊಗರಿ, ಜೋಳ ಹರಡಿ ಎಬ್ಬಿಸುವ ಧೂಳಿಗೂ, ಜೋರು ಮಳೆಗೂ ಇದೇ ಲೈಟು.

ಆಕಾಶ ತಿಳಿಯಾಗಿರುವಾಗ ಫಾಗ್ ಲೈಟು ಹಾಕಬೇಡಿ. ಹೆಚ್ಚಿನವರು ಸದಾ ಹಾಕಿಕೊಂಡೇ ಇರುತ್ತಾರೆ. ಗಾಡಿಯ ಮೂತಿ ಮುಂದೆ ರಸ್ತೆ ಬೆಳ್ಳಗಾಗುತ್ತದೆ, ಚೆನ್ನಾಗಿ ಕಾಣುತ್ತಿದೆ ಅನ್ನಿಸುತ್ತದೆ. ಆದರೆ ಹತ್ತಿರದ ಆ ಬೆಳಕಿಗೆ ಕಣ್ಣು ಹೊಂದಿಕೊಂಡುಬಿಡುತ್ತದೆ, ದೂರದ ಕತ್ತಲಲ್ಲಿರುವುದು ಇನ್ನೂ ಕಾಣದಾಗುತ್ತದೆ. ಅಂಗಳದ ದೀಪದ ಕೆಳಗೆ ನಿಂತು ಹೊಲದ ಕಡೆ ನೋಡಿದರೆ ಏನೂ ಕಾಣುವುದಿಲ್ಲ, ದೀಪ ಆರಿಸಿ ಸ್ವಲ್ಪ ಹೊತ್ತು ನಿಂತರೆ ಬದುವೂ ಕಾಣುತ್ತದೆ, ಅಲ್ವಾ? ಅದೇ ಇದು.

ಎಲ್‌ಇಡಿ ಬಾರ್ ಬಗ್ಗೆ ನನಗೆ ಸ್ವಲ್ಪ ಕಠಿಣವಾಗಿಯೇ ಹೇಳಬೇಕಿದೆ. ಅದರ ಬೆಳಕು ಜಾಸ್ತಿ, ನಿಜ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಬಾರುಗಳಿಗೆ ಮೇಲಂಚು ಅನ್ನುವುದೇ ಇಲ್ಲ. ಹತ್ತಿರಕ್ಕೂ ದೂರಕ್ಕೂ ಆಕಾಶಕ್ಕೂ ಒಟ್ಟಿಗೆ ಚೆಲ್ಲುತ್ತದೆ. ಮೇಲೆ ಛಾವಣಿಗೆ ಹಾಕಿಸಿದರೆ ಬಾನೆಟ್ಟಿನ ಮೇಲೆ ಬಿದ್ದ ಬೆಳಕು ತಿರುಗಿ ಕಣ್ಣಿಗೆ ಹೊಡೆಯುತ್ತದೆ. ಧೂಳು, ಮಂಜು ಇದ್ದರೆ ಕೇಳಲೇಬೇಡಿ. ಕ್ಯೂಬ್ ಅನ್ನುವುದು ಇದರದ್ದೇ ಚಿಕ್ಕ ತುಂಡು. ಇವೆಲ್ಲ ಹುಟ್ಟಿದ್ದು ಗಣಿಯಲ್ಲಿ, ಹೊಲದಲ್ಲಿ, ನಿಂತು ಕೆಲಸ ಮಾಡುವ ಜಾಗಕ್ಕೆ. ಜೆಸಿಬಿಗೆ, ರಾಶಿ ಯಂತ್ರಕ್ಕೆ ಹಾಕಿಸಿದರೆ ಅದರಷ್ಟು ಒಳ್ಳೆಯದಿಲ್ಲ. ಎದುರಿಗೆ ಜನ ಬರುವ ರಸ್ತೆಗೆ ಅಲ್ಲ.

ತಿರುವು ಲೈಟು ಅಂತ ಇನ್ನೊಂದಿದೆ. ಕೆಲವು ಹೊಸ ಕಾರುಗಳಲ್ಲಿ ಕಡಿಮೆ ವೇಗದಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಅಥವಾ ಇಂಡಿಕೇಟರ್ ಹಾಕಿದಾಗ ಆ ಬದಿಯ ಫಾಗ್ ಲೈಟು ತಾನೇ ಹತ್ತುತ್ತದೆ. ಓಣಿಗಳಲ್ಲಿ ಒಳ್ಳೆಯದು. ಹಳೇ ಗಾಡಿಗೆ ಅದನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಡಿಆರ್‌ಎಲ್, ಅಂದರೆ ಹಗಲು ಉರಿಯುವ ಪಟ್ಟಿ ಲೈಟು, ರಸ್ತೆ ಕಾಣಲಿಕ್ಕಲ್ಲ. ನೀವು ಬೇರೆಯವರಿಗೆ ಕಾಣಲಿಕ್ಕೆ. ಇದರಲ್ಲಿ ಒಂದು ಅಪಾಯ ಇದೆ. ಎಷ್ಟೋ ಗಾಡಿಗಳಲ್ಲಿ ಮುಂದೆ ಡಿಆರ್‌ಎಲ್ ಹತ್ತಿದ್ದರೂ ಹಿಂದಿನ ಕೆಂಪು ಲೈಟು ಹತ್ತುವುದಿಲ್ಲ. ಮುಸ್ಸಂಜೆಯಲ್ಲಿ ಮುಂದೆ ಬೆಳಕಿದೆ ಅಂತ ನೀವು ಹೆಡ್‌ಲೈಟು ಹಾಕುವುದಿಲ್ಲ, ಹಿಂದಿನಿಂದ ಬರುವ ಲಾರಿಗೆ ನಿಮ್ಮ ಗಾಡಿ ಕಾಣುವುದೇ ಇಲ್ಲ.

ಹಿಂದಿನ ವಿಷಯ ಬಂದಿತಲ್ಲ, ಹಿಂದಿನ ಫಾಗ್ ಲೈಟನ್ನು ಯಾರೂ ಕೇಳುವುದಿಲ್ಲ. ನಿಮ್ಮ ಸೋಮವಾರದ ಮಂಜಿಗೆ ನಾನು ಮುಂದಿನದಕ್ಕಿಂತ ಇದನ್ನೇ ಮೇಲೆ ಇಡುತ್ತೇನೆ. ಸಾಮಾನ್ಯ ಹಿಂದಿನ ಕೆಂಪು ಲೈಟಿನ ತೀಕ್ಷ್ಣತೆ ಅಂತರರಾಷ್ಟ್ರೀಯ ನಿಯಮದಲ್ಲಿ 4 ಕ್ಯಾಂಡೆಲಾದಿಂದ ಶುರುವಾಗುತ್ತದೆ. ಹಿಂದಿನ ಫಾಗ್ ಲೈಟಿಗೆ ಕನಿಷ್ಠ 150, ಗರಿಷ್ಠ 300. ಹತ್ತಾರು ಪಟ್ಟು ಜಾಸ್ತಿ. ಮಂಜಿನಲ್ಲಿ ನಿಮ್ಮ ಬೆನ್ನಿಗೆ ಬರುವ ಲಾರಿಗೆ ನೀವು ಕಾಣುವುದು ಇದರಿಂದ. ನಿಮ್ಮ ಕಾರಿನಲ್ಲಿ ಈಗಾಗಲೇ ಇರಬಹುದು. ಹಿಂದಿನ ಲೈಟಿನಲ್ಲೋ ಬಂಪರಿನಲ್ಲೋ, ಹೆಚ್ಚಾಗಿ ಬಲಗಡೆ ಒಂದೇ ಇರುತ್ತದೆ. ಇಲ್ಲದಿದ್ದರೆ ಕೆಂಪು ಫಾಗ್ ಲೈಟು ಒಂದನ್ನು ಬ್ರೇಕ್ ಲೈಟಿನಿಂದ ಒಂದು ಗೇಣು ದೂರದಲ್ಲಿ ಹಾಕಿಸಿ. ತೀರ ಹತ್ತಿರವಿದ್ದರೆ ನೀವು ಬ್ರೇಕ್ ಹಾಕಿದ್ದು ಹಿಂದಿನವನಿಗೆ ಗೊತ್ತಾಗುವುದಿಲ್ಲ. ಮಂಜು ಕರಗಿದ ಕೂಡಲೇ ಆರಿಸಿ, ಇಲ್ಲದಿದ್ದರೆ ಹಿಂದಿನವರ ಕಣ್ಣು ಉರಿಯುತ್ತದೆ.

ಹಳದಿಯೋ ಬಿಳಿಯೋ ಅಂತ ಕೇಳಿದ್ದೀರಿ. ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತದೆ ಅನ್ನುವುದು ನಿಜವಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು. ಅದಕ್ಕೆ ಹಳದಿ, ಬಿಳಿ, ನೀಲಿ ಎಲ್ಲವೂ ಒಂದೇ, ಎಲ್ಲವನ್ನೂ ಒಂದೇ ರೀತಿ ಚೆಲ್ಲಿಬಿಡುತ್ತದೆ. ಆದರೆ ನಮ್ಮ ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆ. ನೀಲಿ ಜಾಸ್ತಿ ಇರುವ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ, ಅದಕ್ಕೇ ಹಳದಿ ಆರಾಮ ಅನ್ನಿಸುತ್ತದೆ. ಫ್ರಾನ್ಸ್ ದೇಶದಲ್ಲಿ 1993ರವರೆಗೂ ಕಾರುಗಳ ಹೆಡ್‌ಲೈಟೇ ಹಳದಿ ಇತ್ತು. ನಿಮ್ಮ ವಯಸ್ಸಿಗೆ ಫಾಗ್ ಲೈಟು ಹಳದಿಯೇ ತೆಗೆದುಕೊಳ್ಳಿ, ಅಥವಾ ಹ್ಯಾಲೋಜನ್ನಿನಂಥ ಬೆಚ್ಚನೆಯ ಬಿಳಿ. ಪೆಟ್ಟಿಗೆಯ ಮೇಲೆ ಬೆಳಕಿನ ಬಣ್ಣ ಹೇಳುವ ಕೆಲ್ವಿನ್ (K) ಸಂಖ್ಯೆ 6000ಕ್ಕಿಂತ ಹೆಚ್ಚು ಬರೆದಿದ್ದರೆ ಅದು ನೀಲಿ ಕಡೆಗೆ ವಾಲಿದ್ದು, ಬೇಡ. ಬಣ್ಣಕ್ಕಿಂತ ಮೇಲಂಚಿನ ಗೆರೆ ಮುಖ್ಯ. ಕೊಳ್ಳುವಾಗ ಲೈಟಿನ ಗಾಜಿನ ಮೇಲೆ ಒಂದು ವೃತ್ತದೊಳಗೆ ಇಂಗ್ಲಿಷಿನ ‘ಇ’ (E) ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇದೆಯಾ ನೋಡಿ. ಜೊತೆಗೆ ‘ಬಿ’ (B) ಅಥವಾ ‘ಎಫ್ 3’ (F3) ಅಂತ ಇದ್ದರೆ ಅದು ಪರೀಕ್ಷೆ ಪಾಸಾದ ಮುಂದಿನ ಫಾಗ್ ಲೈಟು. ‘ಎಚ್ ಆರ್’ (HR) ಅಂತ ಇದ್ದರೆ ಹೈ ಬೀಮಿನ ಜೊತೆಗೆ ಹಾಕುವ ಹ್ಯಾಲೋಜನ್ ಲೈಟು. ಈ ಗುರುತನ್ನು ನಕಲಿ ಮಾಡುವವರೂ ಇದ್ದಾರೆ, ಆದ್ದರಿಂದ ಅಂಗಡಿಯ ಗೋಡೆಗೆ ಒಮ್ಮೆ ಬೆಳಕು ಬಿಡಿಸಿ ನೋಡಿಯೇ ತೆಗೆದುಕೊಳ್ಳಿ. ಗೋಡೆಯ ಮೇಲೆ ಗೆರೆ ಕಾಣದೆ ಸುಮ್ನೆ ಗುಂಡಗಿನ ಬೆಳಕು ಬಂದರೆ ಅದು ಫಾಗ್ ಲೈಟಲ್ಲ, ಏನೇ ಹೆಸರು ಬರೆದಿದ್ದರೂ.

ಪೊಲೀಸರ ವಿಷಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು, ಮುಂದಿನ ಲೈಟು ಕೆಳಗೆ ಬಾಗಿರಬೇಕು, 8 ಮೀಟರ್ ದೂರದಲ್ಲಿ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವವನಿಗೆ ಕುಕ್ಕಬಾರದು ಅನ್ನುತ್ತದೆ. 111ನೆಯದು, ಆರ್‌ಟಿಒ ಮೊದಲೇ ಒಪ್ಪದ ಹೊರತು ಗಾಡಿಯ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವ ಹಾಗಿಲ್ಲ ಅನ್ನುತ್ತದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ವಿಶೇಷ ತಪಾಸಣೆಯನ್ನೇ ಶುರು ಮಾಡಿದರು. ಬಾರ್, ಕ್ಯೂಬ್ ಹಾಕಿಸಿದರೆ ಹಿಡಿಯುತ್ತಾರೆ, ಹಿಡಿಯಬೇಕು ಕೂಡ. ನಿಮ್ಮ ಕಾರಿನ ಮೇಲಿನ ಮಾಡೆಲ್ಲಿನಲ್ಲಿ ಕಂಪನಿಯೇ ಕೊಟ್ಟ ಫಾಗ್ ಲೈಟನ್ನು ಬಂಪರಿನ ಅದೇ ಜಾಗದಲ್ಲಿ ಕೂರಿಸುವುದು ಎಲ್ಲದಕ್ಕಿಂತ ಸುರಕ್ಷಿತ ದಾರಿ. ಜಾಗವೂ ಸಿದ್ಧ ಇರುತ್ತದೆ, ಬಂಪರ್ ಕೊರೆಯಬೇಕಿಲ್ಲ.

ಕೂರಿಸುವಾಗ ಮಿಸ್ತ್ರಿಗೆ ಮೂರು ಮಾತು ಹೇಳಿ. ಬ್ಯಾಟರಿ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. 55 ವ್ಯಾಟಿನ ಎರಡು ಬಲ್ಬಿಗೆ 9 ಆಂಪಿಯರ್ ಚಿಲ್ಲರೆ ಆಗುತ್ತದೆ, 15 ಆಂಪಿಯರಿನ ಫ್ಯೂಸ್ ಸರಿ. 20 ವ್ಯಾಟಿನ ಎರಡು ಎಲ್‌ಇಡಿಗೆ ಮೂರೂವರೆ ಆಂಪಿಯರೂ ಆಗುವುದಿಲ್ಲ, 5 ಸಾಕು. ದೊಡ್ಡ ಫ್ಯೂಸ್ ಹಾಕಿದರೆ ಸುಡುವುದು ಫ್ಯೂಸಲ್ಲ, ತಂತಿ. ಎರಡನೆಯದಾಗಿ ರಿಲೇ ಇರಲೇಬೇಕು. ಅದರ ಕಾಲುಗಳ ಮೇಲೆ 30, 85, 86, 87 ಅಂತ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿ, 87ಕ್ಕೆ ಲೈಟು, 86ಕ್ಕೆ ಸ್ವಿಚ್ಚು, 85ಕ್ಕೆ ಅರ್ಥ್. ಮೂರನೆಯದಾಗಿ ಕಂಪನಿಯ ತಂತಿಯ ಚರ್ಮ ಸುಲಿದು ಅಲ್ಲಿಗೇ ಸುತ್ತಿ ಟೇಪ್ ಹಚ್ಚುವುದು ಬೇಡ. ಮಳೆಗಾಲ ಬಂದರೆ ಅಲ್ಲಿಂದಲೇ ಹಸಿರು ತುಕ್ಕು ಶುರು.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಗಾಜು ಒರೆಸಿ ಗೋಡೆ ಪರೀಕ್ಷೆ ಮಾಡುತ್ತಿದ್ದೆ. ತಿಂಗಳೊಳಗೆ ಕಣ್ಣು ತೋರಿಸಿ, ಕವರು ಪಾಲಿಶ್, ಹೆಡ್‌ಲೈಟಿಗೆ ರಿಲೇ, ಹೊಸ 60/55 ಬಲ್ಬು ಹಾಕಿಸುತ್ತಿದ್ದೆ. ಬಲ್ಬು ಎರಡೂ ಒಟ್ಟಿಗೆ ಬದಲಿಸಿ. ದೀಪಾವಳಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಮುಂದೆ ಒಂದು ಜೊತೆ ಹಳದಿ ಫಾಗ್ ಲೈಟು, ಹಿಂದೆ ಒಂದು ಕೆಂಪು. ಅಷ್ಟು ಮಾಡಿಯೂ ಶನಿವಾರ ರಾತ್ರಿ ಸಾಲದು ಅನ್ನಿಸಿದರೆ ನನಗೆ ಮತ್ತೆ ಬರೆಯಿರಿ, ಡ್ರೈವಿಂಗ್ ಲೈಟಿನ ಮಾತು ಆಗ ಆಡೋಣ.

ಇನ್ನು ನಿಮ್ಮ ಅಣ್ಣನವರ ಟ್ರ್ಯಾಕ್ಟರ್. ರಾತ್ರಿ ಉಳುಮೆಗೆ ಹಿಂದೆ ಬಿಳಿ ಲೈಟು ಬೇಕು, ಒಪ್ಪುತ್ತೇನೆ. ಆದರೆ ಹೊಲದಿಂದ ರಸ್ತೆಗೆ ಏರುವಾಗ ಅದನ್ನು ಆರಿಸಲೇಬೇಕು. ಹಿಂದೆ ಬಿಳಿ ಲೈಟು ಉರಿಯುತ್ತಿದ್ದರೆ ಹಿಂದಿನಿಂದ ಬರುವವನಿಗೆ ಅದು ಎದುರಿಗೆ ಬರುತ್ತಿರುವ ಮೋಟರ್‌ಸೈಕಲ್ ಅನ್ನಿಸುತ್ತದೆ. ಅವನು ಎಡಕ್ಕೆ ಸರಿದು ನೇರ ಟ್ರಾಲಿಗೇ ಹೊಡೆಯುತ್ತಾನೆ. ಇಂಥ ಅಪಘಾತದ ಗಾಡಿ ನನ್ನ ಅಂಗಳಕ್ಕೂ ಬಂದಿತ್ತು, ಓಡಿಸುತ್ತಿದ್ದ ಹುಡುಗ ಬದುಕಲಿಲ್ಲ. ಆ ಲೈಟಿಗೆ ಬೇರೆ ಸ್ವಿಚ್ಚು, ಸ್ವಿಚ್ಚಿನ ಪಕ್ಕ ಒಂದು ಕೆಂಪು ಇಂಡಿಕೇಟರ್ ಬಲ್ಬು ಹಾಕಿಸಿ. ಲೈಟು ಉರಿಯುತ್ತಿರುವಷ್ಟು ಹೊತ್ತು ಅದೂ ಅಣ್ಣನವರ ಕಣ್ಣ ಮುಂದೆ ಉರಿಯುತ್ತಿರಲಿ. ಟ್ರಾಲಿಯ ಹಿಂದೆ ಎರಡೂ ತುದಿಗೆ ಕೆಂಪು ಲೈಟು, ಅಗಲಕ್ಕೂ ಕೆಂಪು ರೇಡಿಯಂ ಪಟ್ಟಿ ಹಚ್ಚಿಸಿ. ರೇಡಿಯಂ ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ಕಡೆಗೇ ತಿರುಗಿಸುತ್ತದೆ, ಹಾಗಾಗಿ ಬ್ಯಾಟರಿ ಕೈಕೊಟ್ಟರೂ ಹಿಂದಿನವನ ಲೋ ಬೀಮಿಗೇ ಹೊಳೆಯುತ್ತದೆ. ಕಬ್ಬು ಹೇರಿದಾಗ ಜೋಲು ಬಿದ್ದ ಸೋಗೆ ಅದನ್ನು ಮುಚ್ಚದಂತೆ ಕೆಳಗಿನ ಚೌಕಟ್ಟಿಗೂ ಒಂದು ಸಾಲು ಹಚ್ಚಿಸಿ. ಕಪ್ಪು ಮಣ್ಣು ಮೆತ್ತಿಕೊಂಡರೆ ರೇಡಿಯಂ ಹೊಳೆಯುವುದಿಲ್ಲ, ಆದ್ದರಿಂದ ರಸ್ತೆಗೆ ಏರುವ ಮೊದಲು ಒರೆಸಲು ಸೀಟಿನ ಕೆಳಗೆ ಒಂದು ಹಳೇ ಬಟ್ಟೆ ಇಟ್ಟುಕೊಳ್ಳಲು ಹೇಳಿ.